ನಡಕೊಂಡು ಬಂದ ಮಾತು

ಹೋದ ವರ್ಷ ಒಂದು ಫೆಲೋಶಿಪ್ಪಿಗೆ ಅರ್ಜಿ ಹಾಕುವಾಗ ನಡತೆ ಪ್ರಮಾಣಪತ್ರ ಬೇಕಾಯಿತು. ಓದಿದ ಶಾಲೆ ಕಾಲೇಜುಗಳಲ್ಲಿ ಕೊಟ್ಟ ಇಂಥ ನಾಲ್ಕೈದು ಕಾಗದಗಳು ಊರಿನ ಟ್ರಂಕಿನಲ್ಲಿದ್ದವು. ಊರು ಎಂದರೆ ಮುಕ್ಕುಂದ, ಸಿಂಧನೂರು ತಾಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಹಳ್ಳಿ. ಶನಿವಾರ ಸಂಜೆ ಹೋಗಿ ಪಡಸಾಲೆಯಲ್ಲಿ ಕಾಗದಗಳನ್ನು ಹರವಿಕೊಂಡು ಕೂತಿದ್ದೆ. ಅಜ್ಜಿ ಎಲೆಅಡಿಕೆ ಚೀಲ ಹಿಡಿದು ಬಂದು ಪಕ್ಕದಲ್ಲಿ ಕೂತಳು.

“ಏನ್ ಹುಡುಕಾಕತ್ತೀಯವ್ವಾ?”

“ನಡತೆ ಪ್ರಮಾಣಪತ್ರ, ಅಜ್ಜಿ. ನಾನು ಸಾಲ್ಯಾಗ ಹೆಂಗ ನಡಕೊಂಡೀನಿ ಅಂತ ಬರದು ಕೊಟ್ಟಿರ್ತಾರ.”

“ಹೆಂಗ ಅಂತ ಬರದಾರ, ಖರೆ. ಯಾರಿಗೆ ನಡಕೊಂಡೀದಿ ಅಂತ ಬರದಾರೇನು?”

ನಾನು ನಕ್ಕೆ. ಅಜ್ಜಿ ನಗಲಿಲ್ಲ. ನಮ್ಮ ಭಾಗದಲ್ಲಿ ಅದು ನಗುವ ಪ್ರಶ್ನೆಯೂ ಅಲ್ಲ. ಹೊಸ ಸಂಬಂಧ ಮಾತಾಡುವಾಗ, ಜಾತ್ರೆಯಲ್ಲಿ ಅಪರಿಚಿತರು ಪಕ್ಕದಲ್ಲಿ ಬಂಡಿ ಬಿಟ್ಟಾಗ, “ನೀವು ಯಾರಿಗೆ ನಡಕೋತೀರಿ?” ಎಂದು ಕೇಳುತ್ತಾರೆ. ನಿಮ್ಮ ಮನೆದೇವರು ಯಾರು, ಯಾವ ಮಠದ ಒಕ್ಕಲು, ಹರಕೆ ಕಟ್ಟಿಕೊಂಡರೆ ಯಾವ ದಾರಿ ಹಿಡಿಯುತ್ತೀರಿ ಎಂಬುದೆಲ್ಲ ಆ ಒಂದು ಮಾತಿನಲ್ಲಿ ಬರುತ್ತದೆ. ನಮ್ಮ ಮನೆಯವರು ಸೋಮಲಾಪುರದ ಸಿದ್ಧಪರ್ವತದ ಅಂಬಾದೇವಿಗೆ ನಡಕೊಳ್ಳುವವರು. ಬನದ ಹುಣ್ಣಿಮೆಯ ಜಾತ್ರೆಗೆ ಅಜ್ಜಿ ಎಷ್ಟು ವರ್ಷ ನಡೆದು ಹೋದಳೋ ಅವಳಿಗೇ ಲೆಕ್ಕವಿಲ್ಲ.

ನಾನು ಓದುತ್ತಿರುವುದು ಇತಿಹಾಸ. ಅದರಲ್ಲೂ ನನ್ನ ಕೆಲಸ ಎಡೆದೊರೆ ನಾಡಿನ ಹಳೆಯ ದಾರಿಗಳ ಮೇಲೆ. ಮೂರು ವರ್ಷದಿಂದ ದಾರಿಯ ಬಗ್ಗೆ ಬರೆಯುತ್ತಿದ್ದರೂ ದಾರಿಯ ಮೇಲೆ ನಡೆಯುವ ಕ್ರಿಯೆಗೆ ನಮ್ಮ ಭಾಷೆ ಏನೆನ್ನುತ್ತದೆ ಎಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ಅಜ್ಜಿಯ ಪ್ರಶ್ನೆಯಿಂದ ಆ ಕೆಲಸ ಶುರುವಾಯಿತು.

*

ನಾವು ಸಂಶೋಧಕರು ಏನೇ ಹುಡುಕಲು ಹೊರಟರೂ ಮೊದಲು ಕೈಹಾಕುವುದು ಇಂಗ್ಲಿಷಿಗೆ. ನಾನೂ ‘ವಾಕ್’ ಎಂಬ ಪದದಿಂದಲೇ ಆರಂಭಿಸಿದೆ. ಆ ಪದಕ್ಕೆ ಮೊದಲು ಕಾಲಿನ ಸಂಬಂಧವೇ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ವೆಯಾಲ್ಕನ್’ ಎಂದರೆ ಹೊರಳು, ಉರುಳು. ಸಮುದ್ರದ ಅಲೆ ಹೊರಳುವುದಕ್ಕೆ ಬಳಸುತ್ತಿದ್ದ ಮಾತು. ಅದು ಮುಂದೆ ಅತ್ತಿತ್ತ ಸುತ್ತಾಡು ಎಂದಾಯಿತು. ಕೊನೆಗೆ, ಮಧ್ಯಕಾಲದ ಇಂಗ್ಲಿಷಿನ ಹೊತ್ತಿಗೆ, ಕಾಲಿನಿಂದ ನಡೆ ಎಂಬ ಅರ್ಥಕ್ಕೆ ಬಂದು ನಿಂತಿತು.

ಇದೇ ಪದಕ್ಕೆ ಇನ್ನೊಂದು ಕವಲಿತ್ತು. ನೇಯ್ದ ಉಣ್ಣೆಬಟ್ಟೆಯನ್ನು ತೊಟ್ಟಿಯಲ್ಲಿ ನೆನೆಹಾಕಿ, ಅದು ಗಟ್ಟಿಯಾಗುವವರೆಗೆ ಕಾಲಿನಿಂದ ತುಳಿಯುವ ಕಸುಬುದಾರರನ್ನು ‘ವಾಕರ್’ ಎನ್ನುತ್ತಿದ್ದರು. ಜರ್ಮನ್ ಭಾಷೆಯ ‘ವಾಲ್ಕನ್’ ಇವತ್ತಿಗೂ ಆ ಅರ್ಥವನ್ನು ಉಳಿಸಿಕೊಂಡಿದೆ. ಇಂಗ್ಲಿಷಿನವರಲ್ಲಿ ವಾಕರ್ ಎಂಬ ಮನೆತನದ ಹೆಸರು ಅಷ್ಟೊಂದು ಇರುವುದು ಇದೇ ಕಾರಣಕ್ಕೆ. ಅವರು ಬಹಳ ನಡೆದವರೆಂದಲ್ಲ, ನಿಂತಲ್ಲೇ ಬಟ್ಟೆ ತುಳಿದವರ ಮಕ್ಕಳೆಂದು. ತುಳಿಯುವ ಯಂತ್ರ ಬಂದು ಕಸುಬು ಹೋಯಿತು, ಹೆಸರು ಉಳಿಯಿತು.

ಆಮೇಲೆ ಆ ಪದಕ್ಕೆ ಎಷ್ಟೋ ಅರ್ಥಗಳು ಕೂಡಿಕೊಂಡವು. ಶಾಸನಸಭೆಯಿಂದ ಎದ್ದು ಹೊರಟರೆ ವಾಕ್‌ಔಟ್. ಎದುರಾಳಿ ಬರದಿದ್ದರೆ ವಾಕ್‌ಓವರ್. ಸುಲಭದ ಗೆಲುವಿಗೆ ನಮ್ಮ ಪತ್ರಿಕೆಗಳೂ ಕೇಕ್‌ವಾಕ್ ಎಂದು ಬರೆಯುತ್ತವೆ. ಈ ಕೊನೆಯ ಮಾತಿನ ಹಿಂದೆ ಅಮೆರಿಕದ ತೋಟಗಳಲ್ಲಿ ಗುಲಾಮರಾಗಿದ್ದ ಕಪ್ಪುಜನರ ಕುಣಿತವಿದೆ. ಧಣಿಗಳ ಬಿಗುಮಾನದ ನಡಿಗೆಯನ್ನು ಅಣಕಿಸುವ ಕುಣಿತ ಅದು. ಗೆದ್ದ ಜೋಡಿಗೆ ಕೇಕು ಬಹುಮಾನ. ತಮ್ಮನ್ನೇ ಅಣಕಿಸುತ್ತಿದ್ದಾರೆಂದು ಧಣಿಗಳಿಗೆ ಅನೇಕ ಸಲ ತಿಳಿಯುತ್ತಲೂ ಇರಲಿಲ್ಲವಂತೆ. ಹೊಲದಲ್ಲಿ ಬೆನ್ನು ಮುರಿದವರ ಆ ಆಟದ ಹೆಸರು ಇವತ್ತು ‘ಶ್ರಮವಿಲ್ಲದ್ದು’ ಎಂಬ ಅರ್ಥಕ್ಕೆ ಬಳಕೆಯಾಗುತ್ತಿದೆ. ಒಂದು ಪದ ಎಷ್ಟು ದೂರ ನಡೆದೀತೆಂಬುದಕ್ಕೂ, ನಡೆಯುತ್ತ ಯಾರನ್ನು ಹಿಂದೆ ಬಿಟ್ಟೀತೆಂಬುದಕ್ಕೂ ಇದೊಂದು ಉದಾಹರಣೆ.

*

ಕನ್ನಡದ ‘ನಡೆ’ಯ ಕಥೆ ಬೇರೆ. ಅದು ಮೊದಲಿನಿಂದಲೂ ಕಾಲಿಗೆ ಸಂಬಂಧಿಸಿದ ಮಾತು. ತಮಿಳಿನ ನಡ, ತೆಲುಗಿನ ನಡುಚು, ತುಳುವಿನ ನಡಪು ಎಲ್ಲ ಒಂದೇ ಬಳ್ಳಿಯವು. ಮಲೆಯಾಳದಲ್ಲಿ ದೇವಸ್ಥಾನದ ಮುಂಬಾಗಿಲಿಗೂ ‘ನಡ’ ಎನ್ನುತ್ತಾರೆ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟಿನಲ್ಲಿ ‘ನಡೆ’ಯ ಸುತ್ತಮುತ್ತ ಬರುವ ಪದಗಳನ್ನು ಓದುತ್ತಾ ಹೋದರೆ, ಒಂದು ಸಮಾಜ ತನ್ನ ಬದುಕಿನ ಎಷ್ಟೊಂದು ಭಾಗವನ್ನು ಈ ಎರಡಕ್ಷರದ ಮೇಲೆ ಹೊರಿಸಿದೆ ಎಂದು ಬೆರಗಾಗುತ್ತದೆ.

ಮದುವೆ ನಡೆಯುತ್ತದೆ, ಕೊಲೆಯೂ ನಡೆಯುತ್ತದೆ. ಸಂಸಾರ ನಡೆಸಬೇಕು, ಸರ್ಕಾರವನ್ನೂ ನಡೆಸಬೇಕು. ಊರಿನಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿದರೆ ಆ ಊರು ಅರ್ಧ ತಿಳಿದಂತೆ. ಚದುರಂಗದಲ್ಲಿ ಕಾಯಿಯದು ನಡೆ, ಪತ್ರಿಕೆಯ ತಲೆಬರಹದಲ್ಲಿ ಮುಖಂಡರ ಮುಂದಿನ ನಡೆ. ಹಳಗನ್ನಡದಲ್ಲಿ ‘ಮೇಲೆ ನಡೆ’ ಎಂದರೆ ದಂಡೆತ್ತಿ ಹೋಗು. ಸಂಗೀತದವರಿಗೆ ತಿಶ್ರ ನಡೆ, ಖಂಡ ನಡೆ. ಛಂದಸ್ಸಿನ ಮೇಷ್ಟ್ರಿಗೆ ಷಟ್ಪದಿಯ ನಡೆ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರಕ್ಕೆ ಆರಿಸಿಕೊಂಡ ಭಾಮಿನಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ಮತ್ತೆ ನಾಲ್ಕು. ಗೆಜ್ಜೆ ಕಟ್ಟಿ ಊರೂರು ತಿರುಗಿ ಹಾಡಿದ ದಾಸರ ನಾಡಿನಲ್ಲಿ ಪದ್ಯದ ಓಟಕ್ಕೂ ಕಾಲಿನದೇ ಹೆಸರು ಎಂಬುದು ಸಹಜವಾಗಿಯೇ ಇದೆ.

ಆಡಳಿತದ ಕನ್ನಡವೂ ಇದೇ ಕಾಲಿನ ಮೇಲೆ ನಿಂತಿದೆ. ವಿಧಾನಸೌಧದಿಂದ ಹೊರಡುವ ಆದೇಶದ ತಲೆಯ ಮೇಲೆ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದಿರುತ್ತದೆ. ಗ್ರಾಮಸಭೆಯ ಪುಸ್ತಕದಲ್ಲಿ ಬರೆಯುವುದು ನಡಾವಳಿ. ಶಾಸನಗಳನ್ನು ಓದಿದವರಿಗೆ ಇದರ ಹಳೆಯ ರೂಪ ಗೊತ್ತು. ದೀಪಕ್ಕೋ ಛತ್ರಕ್ಕೋ ಭೂಮಿ ಬಿಟ್ಟ ಮೇಲೆ ಆ ಧರ್ಮವನ್ನು ‘ನಡೆಸುವ’ ಹೊಣೆಯನ್ನು ಊರವರಿಗೆ ಒಪ್ಪಿಸುತ್ತಾರೆ. ಕೊಟ್ಟವನು ಸತ್ತ ಮೇಲೂ ದೀಪ ನಡೆಯಬೇಕು. ಉರಿಯುವುದಕ್ಕೆ ಎಣ್ಣೆ ಸಾಕು, ನಡೆಯುವುದಕ್ಕೆ ತಲೆಮಾರುಗಳು ಬೇಕು.

ನಾಣ್ಯವೂ ನಡೆಯುತ್ತದೆ. ನಮ್ಮೂರಿನ ಆಚೆದಂಡೆ ಸಿರುಗುಪ್ಪ ಸೀಮೆ. ಆ ಕಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈ ಕಡೆ ನಿಜಾಮರ ರಾಯಚೂರು ಜಿಲ್ಲೆ. ಆ ಕಡೆಯ ರೂಪಾಯಿ ಕಲ್ದಾರ್, ಈ ಕಡೆಯದು ಹಾಲಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ ಏಳು ಹಾಲಿಗೆ ಆರು ಕಲ್ದಾರ್ ಎಂದು ದರ ಕಟ್ಟಿದರು, 1959ರಲ್ಲಿ ಹಾಲಿಯನ್ನು ಪೂರ್ತಿ ತೆಗೆದರು. ಡ್ಯಾಮು ಆಗುವ ಮೊದಲು ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಜನ ನಡೆದೇ ದಾಟುತ್ತಿದ್ದರೆಂದು ಅಜ್ಜಿ ಹೇಳುತ್ತಾಳೆ. “ಮನಷ್ಯಾ ಆಚೀಕಡಿ ನಡೀತಿದ್ದ, ರೊಕ್ಕ ನಡೀತಿದ್ದಿಲ್ಲ.” ಗಡಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಸಣ್ಣ ವ್ಯಾಖ್ಯಾನವನ್ನು ನಾನು ಪುಸ್ತಕದಲ್ಲಿ ಕಂಡಿಲ್ಲ.

ಇಷ್ಟೆಲ್ಲದರ ನಡುವೆ ‘ನಡಕೊಳ್ಳು’ ಎಂಬುದು ವಿಶೇಷ. ‘ಹೇಗೆ ನಡೆದುಕೊಂಡ’ ಎಂದರೆ ವರ್ತನೆ. ಇದು ಕನ್ನಡ ನಾಡಿನಲ್ಲೆಲ್ಲ ಇದೆ. ನಮ್ಮ ಕಡೆ ಅದರ ಹಿಂದೆ ‘ಗೆ’ ಹಚ್ಚಿ, ‘ದೇವರಿಗೆ ನಡಕೋ’ ಎಂದ ಕೂಡಲೇ ಅದು ಭಕ್ತಿಯಾಗುತ್ತದೆ. ವರ್ತನೆಯ ಅರ್ಥದಲ್ಲಿ ಒಬ್ಬರೇ ಸಾಕು. ಭಕ್ತಿಯ ಅರ್ಥಕ್ಕೆ ಎದುರಿಗೆ ಇನ್ನೊಬ್ಬರು ಬೇಕು, ಅವರಿರುವಲ್ಲಿಗೆ ಒಂದು ದಾರಿಯೂ ಬೇಕು. ಅಜ್ಜಿ ನನ್ನ ಸರ್ಟಿಫಿಕೇಟಿನಲ್ಲಿ ಹುಡುಕಿದ್ದು ಆ ಇನ್ನೊಬ್ಬರನ್ನು.

ಆ ದಾರಿಯನ್ನು ನೋಡಬೇಕೆಂದರೆ ಯುಗಾದಿಗೆ ಮೊದಲಿನ ದಿನಗಳಲ್ಲಿ ನಮ್ಮ ಜಿಲ್ಲೆಗೆ ಬರಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಸಾವಿರಾರು ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಲಿಂಗಸುಗೂರು, ಕವಿತಾಳ, ಸಿರವಾರದ ರಸ್ತೆಗಳ ಬದಿಗೆ ಚಪ್ಪರಗಳು ಏಳುತ್ತವೆ. ಮರಗಾಲು ಕಟ್ಟಿಕೊಂಡು ನಡೆಯುವವರೂ ಇದ್ದಾರೆ. ಭ್ರಮರಾಂಬೆ ಈ ಸೀಮೆಯ ಮಗಳು, ಮಲ್ಲಯ್ಯ ಅಳಿಯ ಎಂಬ ನಂಬಿಕೆಯಿಂದ ಸೀರೆ ಕುಪ್ಪಸ ಒಯ್ಯುತ್ತಾರೆ. ದಾರಿಯಲ್ಲಿನ ಊರವರು ರೊಟ್ಟಿ, ಮಜ್ಜಿಗೆ ಕೊಡುತ್ತಾರೆ. ಬಿಸಿನೀರು ಕಾಯಿಸಿ ಗುರುತಿಲ್ಲದವರ ಕಾಲು ತೊಳೆದು ಎಣ್ಣೆ ತಿಕ್ಕುತ್ತಾರೆ. ತಾವು ಹೋಗಲಾಗದವರು ಹೋಗುವವರ ಕಾಲು ಒತ್ತಿ ಆ ದಾರಿಯಲ್ಲಿ ಪಾಲು ತೆಗೆದುಕೊಳ್ಳುತ್ತಾರೆ.

*

ನಡೆಯುವುದು ಮತ್ತು ಬದುಕುವ ಬಗೆ ಎರಡಕ್ಕೂ ಒಂದೇ ಮಾತು ಎಂಬುದು ಕನ್ನಡದ ಸೋಜಿಗ ಮಾತ್ರವಲ್ಲ. ಯೆಹೂದ್ಯರ ಧರ್ಮಶಾಸ್ತ್ರಕ್ಕೆ ‘ಹಲಾಖಾ’ ಎನ್ನುತ್ತಾರೆ. ಅದರ ಬೇರು ‘ನಡೆ’ ಎಂಬ ಹೀಬ್ರೂ ಧಾತು. ಪ್ರವಾದಿಯವರ ಜೀವನಚರಿತ್ರೆಗೆ ಬಳಸುವ ಅರಬ್ಬಿಯ ‘ಸೀರಾ’ ಕೂಡ ಸಾಗುವುದು ಎಂಬ ಧಾತುವಿನಿಂದ ಬಂದದ್ದು. ಉರ್ದುವಿನಲ್ಲಿ ನಡತೆಗೆ ‘ಚಾಲ್‌ಚಲನ್’. ಸಂಸ್ಕೃತದ ‘ಚರ್’ ಎಂದರೆ ಚಲಿಸು, ನಡೆ. ಅದರಿಂದ ಆಚಾರ, ಚಾರಿತ್ರ್ಯ ಬಂದವು. ಚರಿತ್ರೆಯೂ ಬಂತು. ನಾನು ಪಿಎಚ್.ಡಿ. ಮಾಡುತ್ತಿರುವ ವಿಷಯದ ಹೆಸರಿನಲ್ಲೇ ಒಬ್ಬರು ನಡೆಯುತ್ತಿದ್ದಾರೆಂದು ನನಗೆ ಹೊಳೆದದ್ದು ಈ ಹುಡುಕಾಟದಲ್ಲಿ.

ಹಾಗೆ ನಡೆದವರ ಹಳೆಯ ಗುರುತು ನಮ್ಮಲ್ಲೇ ಇದೆ. ಮುಕ್ಕುಂದದಿಂದ ಸಿಂಧನೂರಿಗೆ ಹೋಗಿ, ಅಲ್ಲಿಂದ ಲಿಂಗಸುಗೂರಿನ ಬಸ್ಸು ಹತ್ತಿದರೆ ದಾರಿಯಲ್ಲಿ ಮಸ್ಕಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಅಲ್ಲಿನ ಬಂಡೆಯೊಂದರಲ್ಲಿ ಬ್ರಾಹ್ಮಿ ಅಕ್ಷರಗಳನ್ನು ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅದುವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಇದು ಶಾಲೆಯ ಪುಸ್ತಕದಲ್ಲಿದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರೆಲ್ಲರಿಗೂ ಬಾಯಿಪಾಠ.

ಹೆಸರಿನ ಸಂಭ್ರಮದಲ್ಲಿ ಆ ಶಾಸನದ ಕ್ರಿಯಾಪದಗಳ ಕಡೆ ನಮ್ಮ ಗಮನ ಹೋಗುವುದಿಲ್ಲ. ಅಶೋಕ ತಾನು ಸಂಘವನ್ನು ಸೇರಿದೆನೆಂದು ಹೇಳುವಾಗ ಬರುವ ಪದ ‘ಉಪಗತೆ’. ಹತ್ತಿರಕ್ಕೆ ಹೋದವನು ಎಂದು ಅದರ ನೇರ ಅರ್ಥ. ಮುಂದೆ, ಧರ್ಮದಲ್ಲಿ ತೊಡಗಿದರೆ ಈ ಗುರಿಯನ್ನು ಸಣ್ಣವನೂ ಮುಟ್ಟಬಲ್ಲ, ದೊಡ್ಡವನೇ ಮುಟ್ಟಬೇಕೆಂದು ಯಾರೂ ತಿಳಿಯಬಾರದು ಎಂಬ ಅಭಿಪ್ರಾಯ ಬರುತ್ತದೆ. ಅಲ್ಲಿ ಸಣ್ಣವನಿಗೆ ‘ಖುದಕ’, ದೊಡ್ಡವನಿಗೆ ‘ಉಡಾಲಕ’, ಮುಟ್ಟುವುದಕ್ಕೆ ‘ಅಧಿಗತವೆ’. ಉಪಗತ, ಅಧಿಗತ ಎರಡರಲ್ಲೂ ಇರುವುದು ಹೋಗು ಎಂಬ ‘ಗಮ್’ ಧಾತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಸಂಖ್ಯೆಯೂ ಇದೆ. ಅರಸ ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂದು ಹಲವು ವಿದ್ವಾಂಸರು ಓದಿದ್ದಾರೆ. ಅವನ ಎಂಟನೆಯ ಬಂಡೆಶಾಸನ ಇನ್ನೂ ಸ್ಪಷ್ಟ. ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಧರ್ಮಯಾತ್ರೆಗೆ ಹೊರಟೆ ಎನ್ನುತ್ತಾನೆ. ಹಳ್ಳಿಯ ಜನರನ್ನು ಕಾಣುವುದೂ ಆ ಯಾತ್ರೆಯ ಒಂದು ಕೆಲಸವಾಗಿತ್ತು.

ಅಂದರೆ ನಮ್ಮ ಸೀಮೆಯಲ್ಲಿ ಸಿಕ್ಕಿರುವ ಅತಿ ಹಳೆಯ ಬರಹಗಳಲ್ಲೊಂದು, ದಾರಿ ಎಲ್ಲರದು, ಸಣ್ಣವನ ಕಾಲೂ ಅಲ್ಲಿಗೆ ಮುಟ್ಟುತ್ತದೆ ಎಂದು ಸಾರಿದೆ. ಅಲ್ಲಿಂದ ಇಲ್ಲಿಯವರೆಗಿನ ಚರಿತ್ರೆಯನ್ನು, ಆ ಮಾತು ನಡೆಯಿತೋ ಇಲ್ಲವೋ ಎಂಬ ಒಂದೇ ಪ್ರಶ್ನೆ ಹಿಡಿದು ಓದಬಹುದು.

*

ಹನ್ನೆರಡನೆಯ ಶತಮಾನದ ಶರಣರು ಆ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿದರು. ನಡೆಯೂ ನುಡಿಯೂ ಬೇರೆಯಾಗಬಾರದು ಎಂಬುದು ಅವರಿಗೆ ಸುಭಾಷಿತವಾಗಿರಲಿಲ್ಲ, ಒರೆಗಲ್ಲಾಗಿತ್ತು. ‘ಜಂಗಮ’ ಎಂದರೆ ಚಲಿಸುವುದು. ಅದರಲ್ಲೂ ಅದೇ ‘ಗಮ್’ ಧಾತು. ಕಟ್ಟಿ ನಿಲ್ಲಿಸಿದ್ದರ ಎದುರು ನಡೆದಾಡುವುದನ್ನು ಇಟ್ಟು, ನಡೆದಾಡುವುದೇ ಹೆಚ್ಚು ಎಂದರು. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಅವರ ಮುನ್ನುಡಿಯ ಮುಖ್ಯ ವಾದ ನಿಂತದ್ದು ಈ ಸ್ಥಾವರ ಜಂಗಮಗಳ ಮೇಲೆಯೇ.

ಆದರೆ ನಡೆಯುವ ಮಾತುಗಳಿಗೂ ಒಂದು ವಿಧಿ ಇದೆ. ಬಹಳ ದಿನ ಬಳಸಿದರೆ ಅವು ಕೂತುಬಿಡುತ್ತವೆ. ಜಂಗಮ ಎಂಬುದು ಕಾಲಾನಂತರ ಹುಟ್ಟಿನಿಂದ ಬರುವ ಒಂದು ಜಾತಿಯ ಹೆಸರಾಯಿತು. ಮಠಗಳು ಸ್ಥಾವರವಾದವು. ಗುರುಗಳು ಮನೆಗೆ ಬರುವಾಗ ನೆಲಕ್ಕೆ ಕಾಲು ತಾಗದಂತೆ ಹಾಸುವ ಬಟ್ಟೆಗೆ ‘ನಡೆಮಡಿ’ ಎನ್ನುತ್ತಾರೆ. ಒಗೆದು ತಂದು ಹಾಸುವುದು ಮಡಿವಾಳರ ಕಾಯಕ. ಇಂಗ್ಲಿಷಿನ ವಾಕರ್ ಹೊಟ್ಟೆಪಾಡಿಗೆ ಬಟ್ಟೆ ತುಳಿದ, ಇಲ್ಲಿ ಗೌರವಕ್ಕೆಂದು ಬಟ್ಟೆ ತುಳಿಸಿಕೊಂಡಿತು. ಎರಡೂ ಕಡೆ ಬಟ್ಟೆ ಹೊಂದಿಸಿದವರ ಕೈ ಒಂದೇ ಬಗೆಯದು.

ನಡೆಮಡಿಯ ಇನ್ನೊಂದು ತುದಿಯಲ್ಲಿ ಕೆರವಿದೆ. ನನ್ನ ಅವ್ವನ ತವರೂರಿನಲ್ಲಿ, ಹೆಸರು ಇಲ್ಲಿ ಬೇಡ, ಅವ್ವನ ಅಜ್ಜ ದೊಡ್ಡವರ ಓಣಿ ಬಂದ ಕೂಡಲೇ ಕಾಲಿನ ಕೆರ ಕಳಚಿ ಕಂಕುಳಲ್ಲಿ ಇಟ್ಟುಕೊಂಡು ದಾಟುತ್ತಿದ್ದನಂತೆ. ಕೆರ ಹೊಲಿದದ್ದು ಅವನೇ. ಓಣಿ ದಾಟಿದ ಮೇಲೆ ಹಾಕಿಕೊಳ್ಳಬೇಕು. ಮೊದಲು ಇದನ್ನು ಹೇಳಿದಾಗ ಅವ್ವ ಬಳಸಿದ ಮಾತು ನನಗೆ ನೆನಪಿದೆ: “ಹಂಗ ನಡಕೊಂಡ್ರ ನಡತಿವಂತ ಅಂತಿದ್ರು.” ಬರಿಗಾಲಿನಲ್ಲಿ ಓಣಿ ದಾಟುವ ನಡಿಗೆಯೇ ಅವನ ಒಳ್ಳೆಯ ನಡತೆ. ಅಲ್ಲಿ ಕಾಲು ಮತ್ತು ಗುಣ ಎರಡೂ ಒಂದೇ ಮಾತಿನಲ್ಲಿ ಸಿಕ್ಕಿಬಿದ್ದಿದ್ದವು. ಭಾಷೆಯಲ್ಲಿ ಅರ್ಥಗಳು ಕೂಡಿಕೊಳ್ಳುವುದು ಯಾವಾಗಲೂ ಚೆಂದದ ಸಂಗತಿಯಲ್ಲ.

ನಡೆಯುವವರ ನಡತೆಯನ್ನು ಸಂಶಯದಿಂದ ನೋಡುವುದನ್ನು ಬ್ರಿಟಿಷರು ಕಾನೂನನ್ನಾಗಿಯೇ ಮಾಡಿದರು. ಇಂಗ್ಲೆಂಡಿನಲ್ಲಿ 1824ರ ಅಲೆಮಾರಿತನದ ಕಾಯ್ದೆ ಮನೆಯಿಲ್ಲದೆ ತಿರುಗುವವರನ್ನು ಶಿಕ್ಷೆಗೆ ಗುರಿಮಾಡಿತು. ಇಲ್ಲಿ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂತು. 1911ರ ತಿದ್ದುಪಡಿಯ ಬಳಿಕ ಅದು ಮದ್ರಾಸ್ ಪ್ರಾಂತ್ಯಕ್ಕೂ ಹಬ್ಬಿತು. ನಮ್ಮ ಹೊಳೆಯ ಆಚೆದಂಡೆಯ ಸೀಮೆಯಲ್ಲಿ ಕೊರಚರು ಕತ್ತೆ, ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರಿಂದೂರಿಗೆ ನಡೆದು ಮಾರಿದವರು. ಲಂಬಾಣಿಗರು ದಂಡಿನ ಹಿಂದೆ ಧಾನ್ಯ ಸಾಗಿಸಿದವರು. ರೈಲು ಬಂದು ಆ ವ್ಯಾಪಾರ ಮುರಿಯಿತು. ದಾರಿಯೇ ಬದುಕಾಗಿದ್ದ ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಾ ಕಳ್ಳರೆಂದು ಪಟ್ಟಿಮಾಡಿ, ಠಾಣೆಯಲ್ಲಿ ಹಾಜರಿ ಹಾಕಿಸಿ, ಊರು ಬಿಡಲು ಚೀಟಿ ಕಡ್ಡಾಯ ಮಾಡಿದರು. ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲೆ, 1952ರ ಆಗಸ್ಟಿನಲ್ಲಿ, ಆ ಕಾಯ್ದೆ ಹೋಯಿತು. ಆ ಪಟ್ಟಿ ಜನರ ಮನಸ್ಸಿನಿಂದ ಇನ್ನೂ ಪೂರ್ತಿ ಹೋಗಿಲ್ಲ.

ನನ್ನ ಟ್ರಂಕಿನಲ್ಲಿದ್ದ ‘ನಡತೆ: ಉತ್ತಮ’ ಎಂಬ ಕಾಗದವನ್ನು ಈ ಎಲ್ಲದರ ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ಕಾಲು ಇರಲಿಲ್ಲ. ದಾರಿಯೂ ಇರಲಿಲ್ಲ. ಒಂದು ಸೀಲು ಇತ್ತು.

*

ಇದೇ ಮಾತು ಮತ್ತೆ ಕಾಲಿಗೆ ಬಂದ ಸಂದರ್ಭಗಳೂ ಇವೆ. ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿದ್ದಾಗ, 1951ರ ಏಪ್ರಿಲ್ 18ರಂದು, ಅದೇ ರಾಜ್ಯದ ತೆಲಂಗಾಣ ಭಾಗದ ಪೋಚಂಪಲ್ಲಿಯಲ್ಲಿ ವಿನೋಬಾ ಅವರಿಗೆ ಮೊದಲ ಭೂದಾನ ಸಿಕ್ಕಿತು. ಅಲ್ಲಿಂದ ಅವರು ವರ್ಷಗಟ್ಟಲೆ ದೇಶವನ್ನು ನಡೆದರು. ಅಂದಿನಿಂದ ಪಾದಯಾತ್ರೆ ಎಂಬ ಮಾತು ಮಠ, ಜಾತ್ರೆಗಳಿಂದ ಸಾರ್ವಜನಿಕ ಬದುಕಿಗೆ ಗಟ್ಟಿಯಾಗಿ ಬಂದಿತು. 2010ರ ಜುಲೈ–ಆಗಸ್ಟಿನಲ್ಲಿ ಅಕ್ರಮ ಗಣಿಗಾರಿಕೆಯ ವಿರುದ್ಧ ಆಗಿನ ವಿರೋಧ ಪಕ್ಷದವರು ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿಲೋಮೀಟರ್ ನಡೆದರು. ನಾನಾಗ ಹೈಸ್ಕೂಲಿನಲ್ಲಿದ್ದೆ. ದಿನಾ ಟಿವಿಯಲ್ಲಿ ಆ ನಡಿಗೆಯನ್ನು ತೋರಿಸುತ್ತಿದ್ದರು. ಯಾವ ಊರಿನಲ್ಲಿ ಉಂಡರು, ಯಾರ ಕಾಲಿಗೆ ಬೊಬ್ಬೆ ಬಂತು ಎಂಬುದೆಲ್ಲ ಸುದ್ದಿ.

ಹತ್ತು ವರ್ಷದ ನಂತರ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಬೇರೆ ಜನ ನಡೆದರು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ಗುಳೆ ಹೋಗುವುದು ಹೊಸದೇನಲ್ಲ. ಮಸ್ಕಿ, ಲಿಂಗಸುಗೂರು, ದೇವದುರ್ಗದ ಒಣಭೂಮಿಯ ಹಳ್ಳಿಗಳಲ್ಲಿ ಹಬ್ಬ ಮುಗಿದ ಮೇಲೆ ಬೀಗ ಹಾಕಿದ ಮನೆಗಳ ಸಾಲೇ ಕಾಣುತ್ತದೆ. ಕಾಲುವೆ ಇರುವ ಸಿಂಧನೂರಿನಲ್ಲೂ ಸ್ವಂತ ಹೊಲ ಇಲ್ಲದವರಿಗೆ ನೀರು ಬಂದರೇನು, ಹೋದರೇನು. ನನ್ನ ಸೋದರಮಾವ, ಅತ್ತೆ ಇಬ್ಬರೂ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದರು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಯಿತು. ಬಸ್ಸು, ರೈಲು ನಿಂತವು. ಕೆಲಸ ನಿಂತಿತು. ಉಳಿದದ್ದು ಕಾಲು. ಬೆಂಗಳೂರಿನಿಂದ ನಮ್ಮೂರಿಗೆ ಸುಮಾರು 400 ಕಿಲೋಮೀಟರ್. ಅರ್ಧದಷ್ಟು ದಾರಿಯನ್ನು ಅವರು ನಡೆದರು. ರಾತ್ರಿ ನಡೆದು, ಹಗಲು ಹುಣಸೆಮರದ ಕೆಳಗೆ ಮಲಗಿ. ಆಮೇಲೆ ತರಕಾರಿ ಇಳಿಸಿ ಮರಳುತ್ತಿದ್ದ ಲಾರಿಯೊಂದು ಬಳ್ಳಾರಿಯವರೆಗೆ ಹತ್ತಿಸಿಕೊಂಡಿತು. ಅಲ್ಲಿಂದ ಮತ್ತೆ ಕಾಲು.

ಆ ನಡಿಗೆಗೆ ಯಾರೂ ಯಾತ್ರೆ ಎನ್ನಲಿಲ್ಲ. ಚೆಕ್‌ಪೋಸ್ಟುಗಳಲ್ಲಿ ಅದು ನಿಯಮ ಮೀರಿದ ನಡತೆಯಾಗಿತ್ತು. ಈಗ ಮಾವನನ್ನು ಕೇಳಿದರೂ ಅವನು ದೊಡ್ಡ ಮಾತು ಬಳಸುವುದಿಲ್ಲ. “ನಡಕೊಂಡ ಬಂದ್ವಿ” ಎನ್ನುತ್ತಾನೆ, ಅಷ್ಟೆ.

ಆದರೆ ಅವರು ಬಂದ ಸಂಜೆ ನಾನು ಮನೆಯಲ್ಲಿದ್ದೆ. ಹಾಸ್ಟೆಲ್ ಮುಚ್ಚಿದ್ದರಿಂದ ನಾನೂ ಊರಿಗೆ ಬಂದಿದ್ದೆ. ಓಣಿಯವರು ಹೆದರಿ ದೂರ ನಿಂತಿದ್ದರು. ಒಳಗೆ ಕರೆಯಬೇಕೋ ಬೇಡವೋ ಎಂದು ನಮಗೂ ತಿಳಿಯದೆ ನಿಂತಿದ್ದೆವು. ಅಜ್ಜಿ ಹಂಡೆಯಿಂದ ಬಿಸಿನೀರು ತೋಡಿಕೊಂಡು ಹೋಗಿ, ಹೊರಕಟ್ಟೆಯ ಮೇಲೆ ಇಬ್ಬರನ್ನೂ ಕೂರಿಸಿ ಕಾಲಿಗೆ ಹಾಕಿದಳು. ಅತ್ತೆಯ ಹಿಮ್ಮಡಿಯ ಬೊಬ್ಬೆ ಒಡೆದು ಚಪ್ಪಲಿಗೆ ಅಂಟಿತ್ತು. ಅಜ್ಜಿ ನೀರಿನಲ್ಲಿ ನೆನೆಸಿ ನೆನೆಸಿ ಬಿಡಿಸಿದಳು, ಆಮೇಲೆ ಔಡಲೆಣ್ಣೆ ಹಚ್ಚಿದಳು. ಅತ್ತೆ ಕಾಲು ಹಿಂದಕ್ಕೆಳೆದುಕೊಂಡಳು. ಅತ್ತೆಯ ಕಾಲನ್ನು ಸೊಸೆ ಮುಟ್ಟುವುದುಂಟು, ಸೊಸೆಯ ಕಾಲನ್ನು ಅತ್ತೆ ಮುಟ್ಟುವುದಿಲ್ಲ.

“ಸುಮ್ನಿರು” ಎಂದಳು ಅಜ್ಜಿ. “ನಡದ ಕಾಲಿಗೆ ಹಿರಿದು ಕಿರಿದು ಇಲ್ಲ.”

ಅಂದು ಅದನ್ನು ನಾನು ಒಬ್ಬ ಮುದುಕಿಯ ಅಂತಃಕರಣ ಎಂದಷ್ಟೇ ತಿಳಿದಿದ್ದೆ. ಈಗ ಅನ್ನಿಸುತ್ತದೆ, ಅವಳು ತನಗೆ ಗೊತ್ತಿದ್ದ ಒಂದು ರೂಢಿಯನ್ನು ನಡೆಸಿದಳು. ಯುಗಾದಿಯ ದಾರಿಯಲ್ಲಿ ಮಲ್ಲಯ್ಯನ ಕಂಬಿಯವರಿಗೆ ಮಾಡುವುದನ್ನೇ, ಯಾವ ಕಂಬಿಯೂ ಇಲ್ಲದೆ ಬಂದ ಮಗ ಸೊಸೆಗೆ ಮಾಡಿದಳು. ಸರ್ಕಾರ, ಪತ್ರಿಕೆ, ನಮ್ಮ ವಿಶ್ವವಿದ್ಯಾಲಯ ಯಾರೂ ಕೊಡದ ಹೆಸರನ್ನು ಆ ನಡಿಗೆಗೆ ಅವಳ ಕೈ ಕೊಟ್ಟಿತ್ತು.

*

ನಡತೆ ಪ್ರಮಾಣಪತ್ರ ಸಿಕ್ಕಿತು, ಅರ್ಜಿಯೂ ಹೋಯಿತು. ನನ್ನ ಪ್ರಬಂಧದ ಮೊದಲ ಅಧ್ಯಾಯವನ್ನು ಮಾತ್ರ ಮತ್ತೆ ಬರೆಯುತ್ತಿದ್ದೇನೆ. ಮೊದಲಿನ ಕರಡಿನಲ್ಲಿ ಯಾವ ದಾರಿಯಲ್ಲಿ ಯಾವ ಅರಸನ ದಂಡು ಹೋಯಿತು, 1520ರಲ್ಲಿ ರಾಯಚೂರಿನ ಕೋಟೆಗಾಗಿ ಕೃಷ್ಣದೇವರಾಯನ ಸೈನ್ಯ ಎತ್ತಲಿಂದ ಬಂತು ಎಂಬ ನಕ್ಷೆಗಳಿದ್ದವು. ಆ ದಂಡಿನ ಬಗ್ಗೆ ಬರೆದ ಪೋರ್ಚುಗೀಸ ನ್ಯೂನಿಜ್, ಆನೆ ಕುದುರೆಗಳ ಜೊತೆಗೆ ನೀರು ಹೊರುವವರು, ಅಗಸರು ಕೂಡ ನಡೆದರೆಂದು ಹೇಳುತ್ತಾನೆ. ನಾನು ಅವನ ಪುಸ್ತಕವನ್ನು ಎರಡು ಸಲ ಓದಿದ್ದೆ. ಆನೆ ಕುದುರೆಗಳ ಲೆಕ್ಕ ಬರೆದುಕೊಂಡಿದ್ದೆ. ನೀರು ಹೊತ್ತವರ ಸಾಲನ್ನು ಬಿಟ್ಟಿದ್ದೆ. ಈಗ ಅದನ್ನು ಹುಡುಕಿ ಸೇರಿಸಿದ್ದೇನೆ.

ಮೊನ್ನೆ ಊರಿಗೆ ಹೋದಾಗ ಅಜ್ಜಿ ಮತ್ತೆ ಕೇಳಿದಳು, “ಬರದು ಮುಗೀತೇನವ್ವಾ?”

“ಇನ್ನಾ ನಡದೈತಿ, ಅಜ್ಜಿ.”

“ನಡೀಲಿ” ಎಂದಳು.